ಎಲೆಕ್ಟ್ರಿಕ್ ಸೈಕಲ್ಲಿನ ವೇಗಕ್ಕೆ ಸ್ಪ್ರಾಕೆಟ್ ಹಲ್ಲುಗಳ ಲೆಕ್ಕ

ಹಳೆಯ ಸೈಕಲ್ಲಿಗೆ ಮೋಟಾರು ಕೂರಿಸುವವರು ಬಿಡಿಭಾಗಗಳನ್ನು ಕೊಳ್ಳುವ ಮೊದಲೇ ಗರಿಷ್ಠ ವೇಗವನ್ನು ನಿರ್ಧರಿಸಿಕೊಳ್ಳಬೇಕು. ನೋಂದಣಿಯಿಂದ ವಿನಾಯಿತಿ ಸಿಗಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಇತರ ಷರತ್ತುಗಳ ಜೊತೆಗೆ, ಮೋಟಾರಿನ ಸಾಮರ್ಥ್ಯ 250 ವ್ಯಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆ ಇರಬೇಕು. ಆದ್ದರಿಂದ ಇಲ್ಲಿ 200 ವ್ಯಾಟ್‌ನ ಮೋಟಾರನ್ನೂ 24 ಕಿ.ಮೀ. ವೇಗವನ್ನೂ ಇಟ್ಟುಕೊಳ್ಳೋಣ.

ಮೊದಲು ಚಕ್ರದ ಸುತ್ತಳತೆ ಬೇಕು. ಟೈರಿನ ಮೇಲೆ ಬರೆದಿರುವ ಅಳತೆಯನ್ನು ನಂಬಿ ಲೆಕ್ಕ ಹಾಕುವುದಕ್ಕಿಂತ, ಗಾಳಿ ಸರಿಯಾಗಿ ತುಂಬಿ, ಟೈರು ನೆಲಕ್ಕೆ ತಾಗುವಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸವಾರ ಸೀಟಿನ ಮೇಲೆ ಕುಳಿತಿರುವಾಗಲೇ ಸೈಕಲ್ಲನ್ನು ನೇರವಾಗಿ ಒಂದು ಸುತ್ತು ತಳ್ಳಿ, ನೆಲದ ಮೇಲಿನ ಎರಡು ಗುರುತುಗಳ ಅಂತರವನ್ನು ಟೇಪಿನಿಂದ ಅಳೆಯುವುದು ಒಳ್ಳೆಯದು. ಭಾರ ಬಿದ್ದಾಗ ಟೈರು ಅದುಮಿ ಸುತ್ತಳತೆ ತುಸು ಕುಗ್ಗುತ್ತದೆ. 26 ಇಂಚಿನ ಚಕ್ರಕ್ಕೆ ಇದು ಸುಮಾರು 2.07 ಮೀಟರ್ ಬರುತ್ತದೆ.

ಗಂಟೆಗೆ 24 ಕಿ.ಮೀ. ಎಂದರೆ ನಿಮಿಷಕ್ಕೆ 400 ಮೀಟರ್. ಅದನ್ನು 2.07ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 193 ಸುತ್ತು ತಿರುಗಬೇಕೆಂದು ತಿಳಿಯುತ್ತದೆ. ಒಳಗೇ ಗೇರ್ ಇರುವ ಮೋಟಾರಿನ ಹೊರ ದಂಡ ಭಾರದಡಿ ನಿಮಿಷಕ್ಕೆ 300 ಸುತ್ತು ತಿರುಗುವುದಾದರೆ, ಬೇಕಾದ ಅನುಪಾತ 300 ಭಾಗಿಸು 193, ಅಂದರೆ 1.55. ಮೋಟಾರಿನ ಸ್ಪ್ರಾಕೆಟ್‌ಗೆ (ಚೈನು ಕೂರುವ ಹಲ್ಲುಚಕ್ರಕ್ಕೆ) 9 ಹಲ್ಲುಗಳಿದ್ದರೆ ಚಕ್ರದ ಫ್ರೀವೀಲ್‌ಗೆ (ಚೈನು ಎಳೆದಾಗ ಮಾತ್ರ ಚಕ್ರವನ್ನು ತಿರುಗಿಸುವ ಹಲ್ಲುಚಕ್ರಕ್ಕೆ) 9 ಗುಣಿಸು 1.55, ಸುಮಾರು 14 ಹಲ್ಲುಗಳು ಬೇಕು. ಭಾರವಿಲ್ಲದೆ ತಿರುಗುವ ವೇಗವನ್ನು ಇಲ್ಲಿ ಬಳಸಬಾರದು. ಅದು ಯಾವಾಗಲೂ ಹೆಚ್ಚಿರುತ್ತದೆ, ರಸ್ತೆಯಲ್ಲಿ ಸಿಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಸಮತಟ್ಟಾದ ರಸ್ತೆಗೆ ಮಾತ್ರ ಸರಿ. 200 ವ್ಯಾಟ್ ಶಕ್ತಿಯನ್ನು ಸೆಕೆಂಡಿಗೆ 6.67 ಮೀಟರ್ ವೇಗದಿಂದ ಭಾಗಿಸಿದಾಗ ಮುಂದೂಡುವ ಬಲ 30 ನ್ಯೂಟನ್ ಮಾತ್ರ ಸಿಗುತ್ತದೆ. ಸವಾರನೂ ಸೈಕಲ್ಲೂ ಸೇರಿ 100 ಕಿಲೋ ಇದ್ದು, ರಸ್ತೆ 100 ಮೀಟರಿಗೆ 3 ಮೀಟರ್ ಏರುತ್ತಿದ್ದರೆ, ಏರಿಗೇ 29 ನ್ಯೂಟನ್ ಬೇಕು. ಟೈರಿನ ಉರುಳು ತಡೆ ಮತ್ತು ಗಾಳಿಯ ತಡೆ ಸೇರಿದರೆ ಅಂದಾಜು 45. ಆಗ ಮೋಟಾರಿನ ವೇಗ ತಗ್ಗಿ, ಅದು ಹೆಚ್ಚು ಕರೆಂಟು ಎಳೆಯುತ್ತದೆ, ಒಳಗಿನ ತಂತಿಯ ಸುರುಳಿ ಬಿಸಿಯಾಗುತ್ತದೆ. ಅಂಥ ಏರನ್ನು ದಿನವೂ ಹತ್ತುವವರು 200ನ್ನು 45ರಿಂದ ಭಾಗಿಸಿ ನೋಡಲಿ: ಸೆಕೆಂಡಿಗೆ 4.4 ಮೀಟರ್, ಅಂದರೆ ಗಂಟೆಗೆ 16 ಕಿ.ಮೀ. 20 ಹಲ್ಲಿನ ಫ್ರೀವೀಲ್ ಹಾಕಿದರೆ ಅನುಪಾತ 2.22 ಆಗಿ, ವೇಗ 16.8 ಕಿ.ಮೀ. ಬರುತ್ತದೆ, ಉಳಿದ ಚೂರು ಕೊರತೆಯನ್ನೂ ಚೈನಿನಲ್ಲಿ ಆಗುವ ನಷ್ಟವನ್ನೂ ಪೆಡಲ್ ತುಳಿದು ತುಂಬಬಹುದು. ಏರುತಗ್ಗಿನ ಊರುಗಳಲ್ಲಿ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸುಟ್ಟ ಮೋಟಾರಿನ ಬೆಲೆಯ ಮುಂದೆ ಸಮತಟ್ಟಿನಲ್ಲಿ ಕಳೆದುಕೊಳ್ಳುವ 7 ಕಿ.ಮೀ. ವೇಗ ದೊಡ್ಡದಲ್ಲ.

ಫ್ರೀವೀಲ್ ಬದಲಿಸಿದಾಗ ಚೈನಿನ ಉದ್ದವನ್ನೂ ಹೊಂದಿಸಿ, ಎರಡೂ ಸ್ಪ್ರಾಕೆಟ್‌ಗಳ ಹಲ್ಲಿನ ಅಂತರ ಆ ಚೈನಿಗೆ ಹೊಂದುತ್ತದೆಯೇ ಎಂದು ಕೊಳ್ಳುವಾಗಲೇ ಕೂರಿಸಿ ನೋಡಬೇಕು.