ಸೆಲ್ಫ್ ಹೊಡೆದರೆ ಬರೀ ಟಕ್ ಅನ್ನುತ್ತಾ? ಬ್ಯಾಟರಿ ಕೊಳ್ಳೋ ಮೊದಲು ಇದನ್ನು ನೋಡಿ

ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಬ್ಯಾಟರಿ ಹೋಗಿದೆ. ನಾನೂ ನಂಬಿ ಹೊಸದು ಹಾಕಿಸಿದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕಿದ್ದು ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್‌ಗೆ ಹೋಗುವ ಅರ್ತ್ ವೈರ್. ಮೇಲಿಂದ ಚೆನ್ನಾಗೇ ಕಾಣುತ್ತಿತ್ತು, ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಬರೀ ಹಸಿರು ಪುಡಿ!

ಮೊದಲು ಕಿವಿ ಕೊಡಿ. ಕೀ ತಿರುಗಿಸಿದಾಗ ಟಕಟಕಟಕ ಅಂತ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಸಲ ಟಕ್ ಅಂದು ಸುಮ್ಮನಾದರೆ ಸೆಲ್ಫ್ ಮೋಟರ್, ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಅಥವಾ ದಪ್ಪ ವೈರ್ ಮೇಲೆ ಅನುಮಾನ. ಸದ್ದೇ ಇಲ್ಲ, ಆದರೆ ಲೈಟೆಲ್ಲ ಚೆನ್ನಾಗಿ ಉರಿಯುತ್ತಿವೆ ಅಂದರೆ ಇಗ್ನಿಷನ್ ಸ್ವಿಚ್ಚೋ ರಿಲೇನೋ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ನೋಡಿ. ಎಂಜಿನ್ ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿ ಬಿಟ್ಟುಬಿಡಿ, ಅದು ಪೆಟ್ರೋಲ್ ಅಥವಾ ಸ್ಪಾರ್ಕಿನ ತಕರಾರು.

ಇನ್ನು ಮಲ್ಟಿಮೀಟರ್, ಅಂದರೆ ವೋಲ್ಟ್, ಕರೆಂಟ್ ಅಳೆಯುವ ಮೀಟರ್. ಡಿಸಿ ವೋಲ್ಟ್‌ಗೆ ಇಟ್ಟು, ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಹೆಚ್ಚುಕಮ್ಮಿ ಅರ್ಧ, 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಉಳಿದ ಮಾತು. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ, ಇಲ್ಲವೇ ಸೆಲ್ಫ್ ಮೋಟರೇ ಜಾಸ್ತಿ ಕರೆಂಟ್ ಎಳೆಯುತ್ತಿದೆ.

ನನ್ನ ಅರ್ತ್ ವೈರ್ ಸಿಕ್ಕಿಬಿದ್ದದ್ದು ಮುಂದಿನ ಪರೀಕ್ಷೆಯಲ್ಲಿ, ಇದನ್ನು ಯಾಕೋ ಯಾರೂ ಮಾಡುವುದೇ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ), ಇನ್ನೊಂದು ಎಂಜಿನ್ನಿನ ಪೇಂಟ್ ಇಲ್ಲದ ಲೋಹದ ಮೇಲೆ ಒತ್ತಿ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಸರಿಯಿದ್ದರೆ 0.2 ವೋಲ್ಟ್ ಆಸುಪಾಸು ಇರುತ್ತದೆ. ನನ್ನದು 1.8 ತೋರಿಸಿತು. ಅಷ್ಟು ವೋಲ್ಟ್ ಆ ಪುಡಿಯಲ್ಲೇ ಕರಗಿ ಹೋಗುತ್ತಿತ್ತು, ಪಾಪ ಹೊಸ ಬ್ಯಾಟರಿ ಏನು ಮಾಡೀತು, ಅಲ್ವಾ? ಬಿಚ್ಚಿ, ಸ್ಯಾಂಡ್‌ಪೇಪರ್ ಹಾಕಿ ಹೊಳಪು ಬರುವವರೆಗೆ ಉಜ್ಜಿ, ಬಿಗಿ ಮಾಡಿದೆ. ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟ್‌ವರೆಗೂ ಹೀಗೇ ನೋಡಿ, ಅಲ್ಲಿ 0.5 ದಾಟಬಾರದು. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಗಾಡಿ ಸ್ಟಾರ್ಟ್ ಆಯಿತಾ? ಈಗ ಚಾರ್ಜಿಂಗ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ಫ್ಯಾನ್ ಎರಡನ್ನೂ ಹಾಕಿ ಸ್ವಲ್ಪ ರೇಸ್ ಮಾಡಿದರೂ 13ರ ಕೆಳಗೇ ಇದ್ದರೆ ಮೊದಲು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ತಿರುಗಿಸುವ ಬೆಲ್ಟ್ ಸಡಿಲವಾಗಿದೆಯಾ ಅಂತ ಒತ್ತಿ ನೋಡಿ, ಎಂಜಿನ್ ಆಫ್ ಮಾಡಿದ ಮೇಲೆ ಮಾತ್ರ. 15 ದಾಟಿದರೆ ವೋಲ್ಟನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಇನ್ನೊಂದು ಸಣ್ಣ ತಮಾಷೆ: ಎಷ್ಟೋ ಹಳೇ ಕಾರುಗಳಲ್ಲಿ ಡ್ಯಾಶಿನ ಕೆಂಪು ಬ್ಯಾಟರಿ ದೀಪದ ಮೂಲಕ ಹೋಗುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಕೀ ಆನ್ ಮಾಡಿದಾಗ ಆ ದೀಪ ಹತ್ತದಿದ್ದರೆ ಮೊದಲು ಬಲ್ಬ್ ಬದಲಿಸಿ, ಆಲ್ಟರ್ನೇಟರ್ ಬಿಚ್ಚಬೇಡಿ. ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡುವವರ ಮಾತಂತೂ ಕೇಳಲೇಬೇಡಿ, ಆಲ್ಟರ್ನೇಟರಿನೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸುಟ್ಟುಹೋಗಬಹುದು.

ಎಲ್ಲ ಸರಿ, ಆದರೂ ರಾತ್ರಿ ಕಳೆಯುವುದರೊಳಗೆ ಬ್ಯಾಟರಿ ಇಳಿಯುತ್ತಾ? ಎಲ್ಲ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ, ಆ ವೈರಿಗೂ ಮೈನಸ್ ಕಂಬಕ್ಕೂ ನಡುವೆ ಮೀಟರನ್ನು 10 ಆಂಪ್‌ಗೆ ಇಟ್ಟು ಸೇರಿಸಿ. ಆಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಕೀ ಜೇಬಲ್ಲೇ ಇರಲಿ. 50 ಮಿಲಿಆಂಪ್‌ಗಿಂತ ಜಾಸ್ತಿ ತೋರಿಸಿದರೆ ಫ್ಯೂಸ್ ಒಂದೊಂದಾಗಿ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಇಳಿಯುತ್ತದೋ ಕಳ್ಳ ಆ ಲೈನಿನಲ್ಲೇ ಇದ್ದಾನೆ. ಡಿಕ್ಕಿ ಮುಚ್ಚಿದ ಮೇಲೂ ಉರಿಯುತ್ತಲೇ ಇರುವ ಒಳಗಿನ ಬಲ್ಬನ್ನು ಮಾತ್ರ ಮರೆಯಬೇಡಿ.