ಗುರುಗಳ ವರ್ಗಾವಣೆಯ ವರ್ಷ: ಧರ್ಮಕೇಂದ್ರದವರು ಮಾಡಿಕೊಳ್ಳಬೇಕಾದ ತಯಾರಿ

ಬೆಳಗಾವಿ ಸೀಮೆಯ ಕಥೋಲಿಕ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಭಕ್ತರ ಸಮುದಾಯದಲ್ಲಿ, ಗುರುಗಳ (ಪಾದ್ರಿಗಳ) ವರ್ಗಾವಣೆಯ ಸುದ್ದಿ ಬಹುಮಟ್ಟಿಗೆ ಬೇಸಿಗೆ ರಜೆಯಲ್ಲಿಯೇ ಬರುತ್ತದೆ. ಶಾಲೆಗಳು ತೆರೆಯುವ ಹೊತ್ತಿಗೆ, ಅಂದರೆ ಮೊದಲ ಮಳೆ ಬೀಳುವ ಆಸುಪಾಸಿನಲ್ಲಿ, ಹಳಬರು ಪೆಟ್ಟಿಗೆ ಕಟ್ಟಿರುತ್ತಾರೆ, ಹೊಸಬರು ಇನ್ನೂ ಪೆಟ್ಟಿಗೆ ಬಿಚ್ಚಿರುವುದಿಲ್ಲ. ನಡುವಿನ ಈ ಮೂರು ನಾಲ್ಕು ವಾರಗಳಲ್ಲಿ ಧರ್ಮಕೇಂದ್ರದ ನೆನಪು ಎಷ್ಟೋ ಕಡೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಗುರುಗಳಿಗೆ ಸಲಹೆ ಕೊಡುವ ಪಾಲನಾ ಸಮಿತಿಯ ಕಾರ್ಯದರ್ಶಿಯಾಗಿ ಇಂಥ ಎರಡು ವರ್ಗಾವಣೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲನೆಯದರಲ್ಲಿ ನಾವು ಮಾಡಿದ ತಪ್ಪುಗಳನ್ನು ಎರಡನೆಯದರಲ್ಲಿ ತಕ್ಕಮಟ್ಟಿಗೆ ತಿದ್ದಿಕೊಂಡೆವು. ಸಮಿತಿಯಲ್ಲಿರುವ ಶ್ರೀಸಾಮಾನ್ಯರಿಗೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ಬರೆದಿದ್ದೇನೆ. ಗುರುಗಳಿಗೆ ಅವರ ಕೆಲಸ ಗೊತ್ತಿರುತ್ತದೆ. ನಮ್ಮ ಪಾಲಿನದು ಯಾವುದೆಂದು ನಮಗೇ ಗೊತ್ತಿರುವುದಿಲ್ಲ, ತೊಡಕು ಇರುವುದು ಅಲ್ಲಿ.

ಸುದ್ದಿ ಬಂದ ದಿನ ಎಲ್ಲರಿಗೂ ಮೊದಲು ಹೊಳೆಯುವುದು ‘ಬಿಷಪ್ಪರ ಹತ್ತಿರ ಹೋಗೋಣ’ ಎಂಬ ಯೋಚನೆ. ಎರಡು ಕ್ರೂಸರ್ ಗಾಡಿ ಮಾಡಿಕೊಂಡು, ಇನ್ನೂರು ಸಹಿಗಳ ಮನವಿ ಹಿಡಿದುಕೊಂಡು ಹೋಗುವ ಉತ್ಸಾಹವನ್ನು ದಯವಿಟ್ಟು ತಡೆಯಿರಿ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 522ನೆಯ ವಿಧಿ, ಧರ್ಮಕೇಂದ್ರದ ಗುರುವಿಗೆ ಸ್ಥಿರತೆ ಇರಬೇಕೆಂದು ಹೇಳಿದರೂ, ಆಯಾ ದೇಶದ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ ಒಪ್ಪಿಗೆ ಕೊಟ್ಟ ಕಡೆ ನಿಗದಿತ ಅವಧಿಗೆ ನೇಮಿಸಲು ಅವಕಾಶ ಕೊಡುತ್ತದೆ. ಆತ್ಮಗಳ ಹಿತಕ್ಕಾಗಿಯೋ ಧರ್ಮಸಭೆಯ ಅಗತ್ಯಕ್ಕಾಗಿಯೋ ಗುರುವನ್ನು ಬೇರೆಡೆಗೆ ಕಳಿಸಲು ಧರ್ಮಾಧ್ಯಕ್ಷರಿಗೆ ಹಾದಿಯೂ ಅದೇ ಸಂಹಿತೆಯಲ್ಲಿದೆ. ಹಾಗೆಂದು ಭಕ್ತರು ಬಾಯಿ ಮುಚ್ಚಿಕೊಂಡಿರಬೇಕೆಂದು ಅರ್ಥವಲ್ಲ. ತಮ್ಮ ಅಭಿಪ್ರಾಯವನ್ನು ಗೌರವದಿಂದ ತಿಳಿಸುವುದು ಹಕ್ಕು ಮಾತ್ರವಲ್ಲ, ಕೆಲವೊಮ್ಮೆ ಕರ್ತವ್ಯವೂ ಹೌದೆಂದು 212ನೆಯ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಪತ್ರ ಬರೆಯಿರಿ, ಆದರೆ ಯಾರು ಬೇಕು, ಯಾರು ಬೇಡ ಎಂದು ಬರೆಯಬೇಡಿ. ಧರ್ಮಕೇಂದ್ರಕ್ಕೆ ಸೇರಿದ ಹಳ್ಳಿಗಳು ಎಷ್ಟು, ಅಲ್ಲಿ ಯಾವ ಭಾಷೆ ನಡೆಯುತ್ತದೆ, ಹಾಸಿಗೆ ಹಿಡಿದವರು ಎಷ್ಟು ಮಂದಿ, ಶಾಲೆಯ ಹೊಣೆ ಇದೆಯೋ ಇಲ್ಲವೋ, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಕಳಿಸಿದರೆ ಇನ್ನೂರು ಸಹಿಗಿಂತ ಹೆಚ್ಚು ಕೆಲಸವಾಗುತ್ತದೆ.

ಇನ್ನು ಹಸ್ತಾಂತರದ ಕೆಲಸ. ಹೆಚ್ಚಿನ ಸಮಯ ಇದಕ್ಕೇ ಬೇಕು, ಹಳೆಯ ಗುರುಗಳು ಊರಿನಲ್ಲಿ ಇರುವಾಗಲೇ ಇದು ಮುಗಿಯಬೇಕು. ಮೊದಲು ದಾಖಲೆ ಪುಸ್ತಕಗಳನ್ನು ತೆಗೆಯಿರಿ. 535ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಮ್), ವಿವಾಹ ಮತ್ತು ಮರಣದ ದಾಖಲೆ ಪುಸ್ತಕಗಳು ಇರಲೇಬೇಕು. ದೃಢೀಕರಣ ಸಂಸ್ಕಾರ ಮತ್ತು ವಿವಾಹದ ವಿವರಗಳು ಜ್ಞಾನಸ್ನಾನದ ನಮೂದಿನ ಪಕ್ಕದಲ್ಲಿಯೂ ದಾಖಲಾಗಬೇಕು. ಪುಸ್ತಕಗಳನ್ನು ಬರೆಯುವುದು ಗುರುಗಳ ಹೊಣೆ. ಆದರೆ ಕೊನೆಯ ಆರು ತಿಂಗಳ ಜ್ಞಾನಸ್ನಾನಗಳೆಲ್ಲ ಪುಸ್ತಕಕ್ಕೆ ಏರಿವೆಯೇ, ಚೀಟಿಯಲ್ಲಿಯೇ ಉಳಿದಿವೆಯೇ ಎಂದು ವಿನಯದಿಂದ ಕೇಳಲು ಕಾರ್ಯದರ್ಶಿಗೆ ಯಾವ ಅಡ್ಡಿಯೂ ಇಲ್ಲ. ನಮ್ಮಲ್ಲಿ ಮೊದಲ ಸಲ ಯಾರೂ ಕೇಳಲಿಲ್ಲ. ಎರಡು ವರ್ಷದ ನಂತರ ಒಬ್ಬ ತಾಯಿ ಮಗುವಿನ ಜ್ಞಾನಸ್ನಾನದ ಪತ್ರ ಕೇಳಿಕೊಂಡು ಬಂದಾಗ ಪುಸ್ತಕದಲ್ಲಿ ನಮೂದೇ ಇರಲಿಲ್ಲ. ಕೊನೆಗೆ ಆ ಚೀಟಿ ಸಿಕ್ಕಿದ್ದು ಹಳೆಯ ಹಾಡಿನ ಪುಸ್ತಕವೊಂದರ ಹಾಳೆಗಳ ನಡುವೆ. ನಾಲ್ಕಾಗಿ ಮಡಚಿದ, ಎಣ್ಣೆ ಕಲೆಯಾದ ಕಾಗದದಲ್ಲಿ ಮಗುವಿನ ಹೆಸರಿತ್ತು, ಜ್ಞಾನತಂದೆಯ ಹೆಸರಿತ್ತು, ದಿನಾಂಕದ ಜಾಗದಲ್ಲಿ ‘ಹಬ್ಬದ ಮರುದಿನ’ ಎಂದಷ್ಟೇ ಇತ್ತು.

ನಮ್ಮ ಭಾಗದಲ್ಲಿ ಹೆಸರುಗಳ ಬರವಣಿಗೆಯೂ ಒಂದು ತಲೆನೋವು. ಬೆಳಗಾವಿ ಧರ್ಮಕ್ಷೇತ್ರ, ಅಂದರೆ ಇಲ್ಲಿನ ಧರ್ಮಾಧ್ಯಕ್ಷರ ಆಡಳಿತದ ಪ್ರದೇಶ, ರಚನೆಯಾದದ್ದು 1953ರಲ್ಲಿ; ಅದಕ್ಕೆ ಮೊದಲು ಈ ಸೀಮೆಯ ಹಲವು ಊರುಗಳು ಗೋವಾ ಮಹಾಧರ್ಮಕ್ಷೇತ್ರದ ಅಡಿಯಲ್ಲಿದ್ದವು. ಅಜ್ಜನ ಹೆಸರನ್ನು ಪೋರ್ಚುಗೀಸ್ ರೀತಿಯಲ್ಲಿ, ಮಗನ ಹೆಸರನ್ನು ಇಂಗ್ಲಿಷ್ ರೀತಿಯಲ್ಲಿ, ಮೊಮ್ಮಗನ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಬಂದಂತೆ ಬರೆದಿರುವ ಮನೆಗಳು ಬೇಕಾದಷ್ಟಿವೆ. ಹಳೆಯ ಪುಸ್ತಕವನ್ನು ತಿದ್ದಲು ಕೈಹಾಕಬೇಡಿ. ಬೇರೆ ವಹಿಯೊಂದರಲ್ಲಿ ಪುಟಸಂಖ್ಯೆ ಹಾಕಿ, ಇಂಥ ಮನೆತನದ ಹೆಸರು ಈ ಮೂರು ರೀತಿಯಲ್ಲಿ ಬರುತ್ತದೆ ಎಂದು ಬರೆದಿಟ್ಟರೆ ಹೊಸ ಗುರುಗಳಿಗೆ ಅರ್ಧ ದಿನದ ಹುಡುಕಾಟ ತಪ್ಪುತ್ತದೆ. ಸವೆದ ಪುಸ್ತಕಗಳ ಫೋಟೊ ತೆಗೆದಿಡುವುದಾದರೆ ಗುರುಗಳ ಒಪ್ಪಿಗೆ ಪಡೆದು, ಅದನ್ನು ಕಚೇರಿಯ ಕಂಪ್ಯೂಟರಿನಲ್ಲಿಯೇ ಇಡಬೇಕು. ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕುವ ವಿಷಯ ಅದಲ್ಲ.

ಹಣದ ವಿಷಯಕ್ಕೆ ಬಂದರೆ, ಪಾಲನಾ ಸಮಿತಿ ಬೇರೆ, ಹಣಕಾಸು ಸಮಿತಿ ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 536ನೆಯ ವಿಧಿಯ ಪಾಲನಾ ಸಮಿತಿ, ಧರ್ಮಾಧ್ಯಕ್ಷರು ಗುರುಮಂಡಳಿಯ ಅಭಿಪ್ರಾಯ ಕೇಳಿ ಸೂಕ್ತವೆಂದು ಕಂಡರೆ ಇರುವಂಥದ್ದು, ಅದಕ್ಕಿರುವುದು ಸಲಹೆಯ ಅಧಿಕಾರ ಮಾತ್ರ. 537ನೆಯ ವಿಧಿಯ ಹಣಕಾಸು ಸಮಿತಿ ಮಾತ್ರ ಪ್ರತಿ ಧರ್ಮಕೇಂದ್ರದಲ್ಲಿಯೂ ಕಡ್ಡಾಯ. (2024ರ ಅಕ್ಟೋಬರಿನಲ್ಲಿ ಮುಗಿದ, ಧರ್ಮಾಧ್ಯಕ್ಷರ ಜಾಗತಿಕ ಸಭೆಯಾದ ಸಿನೊಡ್ ಪಾಲನಾ ಸಮಿತಿಗಳನ್ನೂ ಕಡ್ಡಾಯಗೊಳಿಸಬೇಕೆಂದು ಒತ್ತಾಯಿಸಿದೆ. ಸಲಹೆ ಎಂಬ ಪದವನ್ನು ನಮ್ಮಲ್ಲಿ ಹಲವರು ‘ಲೆಕ್ಕಕ್ಕಿಲ್ಲದ್ದು’ ಎಂದು ಅರ್ಥ ಮಾಡಿಕೊಂಡಿರುವುದರಿಂದ, ಆ ಒತ್ತಾಯ ನನಗೆ ಸರಿಯೆನಿಸಿದೆ.) ಹಸ್ತಾಂತರದ ಪಟ್ಟಿಯಲ್ಲಿ ಬ್ಯಾಂಕ್ ಬಾಕಿ, ಠೇವಣಿ ಮತ್ತು ಸಾಲದ ಜೊತೆಗೆ ಉದ್ದೇಶ ಹೇಳಿ ಕೊಟ್ಟ ದಾನಗಳಿಗೆ ಪ್ರತ್ಯೇಕ ಪುಟವಿರಲಿ. ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೋ ಆ ಉದ್ದೇಶಕ್ಕೇ ಬಳಸಬೇಕೆಂದು 1267ನೆಯ ವಿಧಿ ಹೇಳುತ್ತದೆ. ಈ ಪುಟ ಇಲ್ಲದಿದ್ದರೆ ಏನಾಗುತ್ತದೆಂದು ನಮ್ಮ ಕೇರಿಯ ಅಜ್ಜಿಯೊಬ್ಬರು ಬೀಳ್ಕೊಡುಗೆಯ ದಿನವೇ ಎಲ್ಲರೆದುರು ಕೇಳಿಬಿಟ್ಟರು: “ಫಾದರ್, ಗಂಟಿ ತರಾಕ ಅಂತ ನಾ ಕೊಟ್ಟ ರೊಕ್ಕ ಎಲ್ಲೈತ್ರಿ? ನೀವು ಹ್ವಾದ ಮ್ಯಾಲ ನಾ ಯಾರನ್ನ ಕೇಳ್ಲಿ?” ರೊಕ್ಕ ಬ್ಯಾಂಕಿನಲ್ಲಿ ಭದ್ರವಾಗಿಯೇ ಇತ್ತು, ಆದರೆ ಅದು ಗಂಟೆಯ ರೊಕ್ಕವೆಂದು ಎಲ್ಲಿಯೂ ಬರೆದಿರಲಿಲ್ಲ.

ಪೂಜೆಯ (ಇಂಗ್ಲಿಷಿನ ‘ಮಾಸ್’) ಕೋರಿಕೆಗಳ ವಹಿಯನ್ನೂ ಮರೆಯಬಾರದು. ತೀರಿಕೊಂಡವರಿಗಾಗಿಯೋ ಬೇರೆ ಉದ್ದೇಶಕ್ಕಾಗಿಯೋ ಅರ್ಪಿಸಬೇಕಾದ ಪೂಜೆಗಳ ಸಂಖ್ಯೆ, ಅವುಗಳ ಉದ್ದೇಶ, ಕೊಟ್ಟ ಕಾಣಿಕೆ, ಪೂಜೆ ನೆರವೇರಿತೋ ಇಲ್ಲವೋ ಎಂಬುದನ್ನು ದಾಖಲಿಸುವ ವಿಶೇಷ ಪುಸ್ತಕ ಇರಬೇಕೆಂದು 958ನೆಯ ವಿಧಿ ವಿಧಿಸುತ್ತದೆ. ಜೂನ್ ಮತ್ತು ಜುಲೈ ತಿಂಗಳ ಕೋರಿಕೆಗಳನ್ನು ಹಳೆಯ ಗುರುಗಳು ಏಪ್ರಿಲಿನಲ್ಲಿಯೇ ತೆಗೆದುಕೊಂಡಿರುತ್ತಾರೆ, ಅವು ಹೊಸಬರ ಕೈಗೆ ಬರಬೇಕು.

ಆಸ್ತಿಪತ್ರಗಳಲ್ಲಿ ಹಳ್ಳಿಯ ಜಮೀನಿನ ಉತಾರ, ಪಟ್ಟಣದ ಆಸ್ತಿ ತೆರಿಗೆಯ ರಸೀದಿ, ಬೆಳಗಾವಿಯ ಕ್ಯಾಂಪ್ ಭಾಗದವರಾದರೆ ಕಂಟೋನ್ಮೆಂಟಿಗೆ ಸಂಬಂಧಿಸಿದ ಕಾಗದಪತ್ರ, ಇವೆಲ್ಲದರ ಪಟ್ಟಿ ಮಾಡಿ ಒಂದು ಪ್ರತಿಯನ್ನು ಧರ್ಮಕ್ಷೇತ್ರದ ಕಚೇರಿಗೂ ಕಳಿಸಿರಿ. ಈಗಿನ ಕಾಲದ ಇನ್ನೊಂದು ಪೇಚೆಂದರೆ ಒಟಿಪಿ. ಹೆಸ್ಕಾಂ ವಿದ್ಯುತ್ ಬಿಲ್, ಗ್ಯಾಸ್ ಸಂಪರ್ಕ, ಬ್ಯಾಂಕ್, ಸಿಸಿಟಿವಿ, ಎಲ್ಲವೂ ಹಳೆಯ ಗುರುಗಳ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುತ್ತವೆ, ಅವರು ನೂರೈವತ್ತು ಕಿಲೋಮೀಟರ್ ದೂರದಲ್ಲಿ ಪೂಜೆ ಅರ್ಪಿಸುತ್ತಿರುವಾಗ ಇಲ್ಲಿ ಒಟಿಪಿ ಬೇಕಾಗುತ್ತದೆ. ಧರ್ಮಕೇಂದ್ರದ ಹೆಸರಿನಲ್ಲಿ ಒಂದು ಸಿಮ್ ತೆಗೆದು, ಸಾಧಾರಣ ಫೋನಿನಲ್ಲಿ ಹಾಕಿ, ಕಚೇರಿಯ ಮೇಜಿನ ಖಾನೆಯಲ್ಲಿಡುವುದು ಇದಕ್ಕೆ ಸುಲಭದ ಪರಿಹಾರ. ಬೀಗದ ಕೈಗಳಿಗೆ ಚೀಟಿ ಕಟ್ಟಿರಿ. ಪವಿತ್ರ ರೊಟ್ಟಿಯನ್ನು ಇಡುವ ಪರಮಪ್ರಸಾದ ಪೆಟ್ಟಿಗೆಯ ಕೀಲಿಕೈ ಮಾತ್ರ ಗುರುಗಳ ಕೈಯಿಂದ ಗುರುಗಳ ಕೈಗೇ ಹೋಗಬೇಕು.

ಮದುವೆ ಗೊತ್ತಾಗಿರುವ ಮನೆಗಳಿಗೆ ಒಂದು ಎಚ್ಚರಿಕೆ. ‘ನಮ್ಮ ಮಗಳಿಗೆ ಪರಮಪ್ರಸಾದ ಕೊಟ್ಟ ಫಾದರೇ ಬಂದು ಮದುವೆ ಮಾಡಿಸಲಿ’ ಎಂಬ ಆಸೆ ಸಹಜ. ಆದರೆ 1108ನೆಯ ವಿಧಿಯಂತೆ ಮದುವೆ ಸಿಂಧುವಾಗಬೇಕಾದರೆ ಸ್ಥಳೀಯ ಧರ್ಮಾಧ್ಯಕ್ಷರು, ಆ ಧರ್ಮಕೇಂದ್ರದ ಗುರುಗಳು ಅಥವಾ ಅವರಲ್ಲೊಬ್ಬರಿಂದ ಅಧಿಕಾರ ಪಡೆದ ಗುರು ಅಥವಾ ಉಪಯಾಜಕರ (ಡೀಕನ್) ಮುಂದೆ, ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಅದು ನಡೆಯಬೇಕು. ಹುದ್ದೆಯಿಂದ ಹೋದವರಿಗೆ ಆ ಹುದ್ದೆಯ ಬಲದಿಂದ ಈ ಅಧಿಕಾರ ಉಳಿಯುವುದಿಲ್ಲ. ಹೊಸ ಗುರುಗಳಿಂದ ಹೆಸರು ಹೇಳಿದ ಅನುಮತಿ ಪತ್ರವನ್ನು ಮದುವೆಗೆ ಮುಂಚೆಯೇ ಬರೆಸಿಕೊಂಡು ವಿವಾಹದ ಕಡತದಲ್ಲಿ ಇಡಿಸಿರಿ. ಫೋನಿನಲ್ಲಿ ‘ಆಯ್ತು, ಬರ್ರಿ’ ಎಂದದ್ದನ್ನು ನಂಬಿ ಕೂರಬೇಡಿ.

ಬೀಳ್ಕೊಡುಗೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾತನಾಡುವವರು ಮೂವರಿಗಿಂತ ಹೆಚ್ಚಾಗದಿರಲಿ, ಶಾಲು ಒಂದೇ ಸಾಕು, ಮತ್ತು ಊಟಕ್ಕೆ ಹಳ್ಳಿಯವರು ಬಸ್ಸು ಹಿಡಿಯುವ ಮೊದಲೇ ಎಲೆ ಹಾಕಿರಿ.

ಹೊಸ ಗುರುಗಳು ಅಧಿಕಾರ ಸ್ವೀಕರಿಸಿದ ಮೇಲೆ ಮೊದಲು ಏಳುವ ಪ್ರಶ್ನೆ ಭಾಷೆಯದು. ಲ್ಯಾಟಿನ್ನಿನ ಬದಲು ಜನರ ಭಾಷೆಯಲ್ಲಿ ಆರಾಧನೆಗೆ ಹಾದಿ ಮಾಡಿಕೊಟ್ಟ ದಾಖಲೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿತು. ಆದರೆ ಬೆಳಗಾವಿಯಲ್ಲಿ ಜನರ ಭಾಷೆ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇಲ್ಲವೆ ಇಂಗ್ಲಿಷ್ ಎಂಬಂತೆ ಬದುಕುವ ಕುಟುಂಬಗಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಮರಾಠಾ ಲಘು ಪದಾತಿದಳದ ಕೇಂದ್ರ ಇಲ್ಲಿಯೇ ಇರುವುದರಿಂದ ದೂರದ ರಾಜ್ಯಗಳಿಂದ ಬಂದ ಸೈನಿಕ ಕುಟುಂಬಗಳೂ ಎರಡು ಮೂರು ವರ್ಷ ನಮ್ಮೊಡನಿದ್ದು ಹೋಗುತ್ತವೆ. ಹೊಸ ಗುರುಗಳಿಗೆ ಎಲ್ಲ ಭಾಷೆಗಳೂ ಬರಲಾರವು. ಹಾಗಾಗಿ ಅವರು ಬರುವ ಮೊದಲೇ ಸಮಿತಿಯವರು ಸತತ ನಾಲ್ಕು ಭಾನುವಾರ ಬಾಗಿಲಲ್ಲಿ ನಿಂತು, ಯಾವ ಪೂಜೆಗೆ ಎಷ್ಟು ಜನ ಬರುತ್ತಾರೆ, ಅವರಲ್ಲಿ ಮಕ್ಕಳೆಷ್ಟು, ಹಳ್ಳಿಯಿಂದ ಬಂದವರೆಷ್ಟು ಎಂದು ಎಣಿಸಿ ಬರೆದಿಡಬೇಕು. ಈ ಲೆಕ್ಕ ಇಲ್ಲದಾಗ ಯಾರ ದನಿ ದೊಡ್ಡದೋ ಅವರ ಭಾಷೆಗೆ ಎಂಟು ಗಂಟೆಯ ಪೂಜೆ ಸಿಗುತ್ತದೆ. ನಾವು ಎಣಿಸಿದಾಗ ಕನ್ನಡ ಪೂಜೆಗೆ ಜನ ಕಡಿಮೆಯೆಂಬ ನಂಬಿಕೆ ಸುಳ್ಳಾಯಿತು. ಬೆಳಗಿನ ಆರೂವರೆಯ ಪೂಜೆಗೆ ಹಳ್ಳಿಯಿಂದ ಬಸ್ಸು ತಲುಪುತ್ತಿದ್ದುದೇ ಆರು ಐವತ್ತಕ್ಕೆ. ಜನ ಬರುತ್ತಿದ್ದರು, ಆದರೆ ಬರುವಷ್ಟರಲ್ಲಿ ಪ್ರಬೋಧನೆ ಮುಗಿದಿರುತ್ತಿತ್ತು.

ಮೊದಲ ಮೂರು ತಿಂಗಳು ಪೂಜೆಯ ಸಮಯ, ಗಾನವೃಂದ, ಉಪದೇಶದ ತರಗತಿ, ಇವುಗಳನ್ನು ಬದಲಿಸದೆ ಇರುವಂತೆ ಹೊಸ ಗುರುಗಳನ್ನು ಕೇಳಿಕೊಳ್ಳಿರಿ. ಕೇಳುವಾಗ ‘ಹಿಂದಿನ ಫಾದರ್ ಹೀಗೆ ಮಾಡುತ್ತಿದ್ದರು’ ಎಂಬ ಮಾತು ಬಾಯಿಂದ ಬರದಂತೆ ನೋಡಿಕೊಳ್ಳುವುದು ಕಷ್ಟ, ಆದರೂ ನೋಡಿಕೊಳ್ಳಿರಿ. ಅದೇ ಸಮಯದಲ್ಲಿ ಬದಲಾವಣೆ ಬೇಡವೆಂದು ಹಟ ಹಿಡಿಯುವುದೂ ತಪ್ಪು. ಧರ್ಮಕೇಂದ್ರವೆಂದರೆ ಕಟ್ಟಡ ಮತ್ತು ಗಡಿಯಷ್ಟೇ ಅಲ್ಲ, ಹೊರಗೆ ಹೊರಟು ಜನರ ಬಳಿಗೆ ಹೋಗುವ ಸಮುದಾಯ ಎಂಬ ಆಶಯದಲ್ಲಿ 2020ರ ಜುಲೈನಲ್ಲಿ ವ್ಯಾಟಿಕನ್ನಿನಿಂದ ಧರ್ಮಕೇಂದ್ರಗಳ ಪಾಲನಾ ಪರಿವರ್ತನೆ ಕುರಿತು ಒಂದು ಸೂಚನಾಪತ್ರವೇ ಬಂದಿದೆ. ನಾಲ್ಕನೆಯ ತಿಂಗಳಿನಲ್ಲಿ ಸಾಮಾನ್ಯ ಸಭೆ ಕರೆದು, ಒಂದು ವರ್ಷದಲ್ಲಿ ಬದಲಾಗಬೇಕಾದ ಎರಡೇ ವಿಷಯಗಳನ್ನು ಆರಿಸಿಕೊಳ್ಳಿರಿ. ಸಭೆಯಲ್ಲಿ ಹೆಂಗಸರು ಹಿಂದಿನ ಸಾಲಿನಲ್ಲಿ ಕುಳಿತು ಸುಮ್ಮನೆ ಎದ್ದು ಹೋಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. ನೆರೆಹೊರೆಯ ಮನೆಗಳ ಗುಂಪುಗಳಾದ ಕಿರುಕ್ರೈಸ್ತ ಸಮುದಾಯಗಳಲ್ಲಿ ಮನೆಮನೆಗೆ ಹೋಗಿ ಜಪಮಾಲೆ ನಡೆಸುವವರು, ಯಾವ ಮನೆಯಲ್ಲಿ ಒಲೆ ಉರಿದಿಲ್ಲ ಎಂದು ಬಲ್ಲವರು ಅವರೇ ಆದ್ದರಿಂದ, ಪ್ರತಿ ಸಮುದಾಯದಿಂದ ಒಬ್ಬ ಹೆಣ್ಣುಮಗಳು ಮೊದಲು ಮಾತನಾಡುವಂತೆ ಕಾರ್ಯಸೂಚಿಯಲ್ಲಿಯೇ ಬರೆದಿಡಿ.

ಉಳಿದದ್ದು ಮನೆಗಳ ಪಟ್ಟಿ. ಕೇರಿವಾರು ಕುಟುಂಬಗಳ ಹೆಸರು, ಮನೆಯ ಗುರುತು, ಮಾತನಾಡುವ ಭಾಷೆ, ಗೋವಾಕ್ಕೋ ಕೊಲ್ಲಿ ದೇಶಕ್ಕೋ ದುಡಿಯಲು ಹೋದವರು ಇದ್ದಾರೆಯೇ ಎಂಬ ವಿವರ ಅದರಲ್ಲಿರಲಿ. ಮೊದಲ ಪುಟದಲ್ಲಿ ಮಾತ್ರ ಚರ್ಚಿಗೆ ಬರಲಾಗದೆ ಮನೆಯಲ್ಲಿಯೇ ಪರಮಪ್ರಸಾದ ಪಡೆಯುವವರ ಹೆಸರುಗಳಿರಬೇಕು. ಎರಡನೆಯ ಸಲ ನಾವು ಆ ಪುಟವನ್ನು ಅಧಿಕಾರ ಸ್ವೀಕಾರದ ಸಂಜೆಯೇ ಹೊಸ ಗುರುಗಳಿಗೆ ಕೊಟ್ಟೆವು. ಹದಿಮೂರು ಹೆಸರುಗಳಿದ್ದವು. ಅವರು ಚಹಾ ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ, ಮೇಲಿನ ಹೆಸರಿನ ಮನೆ ನಡೆದು ಹೋಗುವಷ್ಟು ಹತ್ತಿರವಿದೆಯೇ ಎಂದು ಕೇಳಿದರು. ಸಣ್ಣಗೆ ಮಳೆ ಬರುತ್ತಿತ್ತು, ಛತ್ರಿ ಯಾವ ಮೂಲೆಯಲ್ಲಿದೆ ಎಂಬುದು ಮಾತ್ರ ನಮ್ಮ ಪಟ್ಟಿಯಲ್ಲಿರಲಿಲ್ಲ.