ಐದನೇ ದಿನದ ರೆಟಿನಾ: ರಕ್ತನಾಳದ ಜಾಲವನ್ನು ನಾನು ನೋಡುವ ರೀತಿ

ಕಣ್ಣಿನ ರಕ್ತನಾಳ ಹೇಗೆ ಬೆಳೆಯುತ್ತದೆ ಅಂತ ತಿಳಿಯೋಕೆ ಇಲಿಮರಿಯೇ ಯಾಕೆ ಬೇಕು ಅಂತ ಲ್ಯಾಬಿಗೆ ಹೊಸದಾಗಿ ಬಂದವರು ಕೇಳುತ್ತಾರೆ. ಮನುಷ್ಯರಲ್ಲಿ ಈ ಕೆಲಸ ಗರ್ಭದೊಳಗೇ ನಡೆಯುತ್ತದೆ. ಸುಮಾರು 16ನೇ ವಾರಕ್ಕೆ ಶುರುವಾದರೆ, ನಾಳಗಳು ಕಿವಿ ಕಡೆಯ ಅಂಚು ಮುಟ್ಟುವಾಗ ತಿಂಗಳು ತುಂಬಿರುತ್ತದೆ. ಇಲಿಯಲ್ಲಿ ಎಲ್ಲ ಹುಟ್ಟಿದ ಮೇಲೆ. ಹುಟ್ಟಿದ ದಿನ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ, ಬೆಳಕು ಹಿಡಿಯುವ ಪದರದಲ್ಲಿ) ನಾಳಗಳು ಇಲ್ಲವೇ ಇಲ್ಲ ಅನ್ನಬಹುದು, ಎಂಟನೇ ದಿನದ ಹೊತ್ತಿಗೆ ಮೇಲ್ಪದರದ ಜಾಲ ಅಂಚಿಗೆ ಬಂದಿರುತ್ತದೆ. ಆ ಮರಿ ಇನ್ನೂ ಕಣ್ಣು ಕೂಡ ಬಿಟ್ಟಿರುವುದಿಲ್ಲ.

ನನಗೆ ಇಷ್ಟವಾದದ್ದು ಐದನೇ ದಿನ. ನಾಳಗಳು ನಡುವಿನ ದೃಷ್ಟಿನರದಿಂದ ಹೊರಟು ಸುತ್ತಲೂ ಹರಡುತ್ತವೆ ಅಲ್ವಾ, ಹಾಗಾಗಿ ಅಂಚಿನ ಕಡೆ ಇರುವುದು ಇವತ್ತು ಹುಟ್ಟಿದ ನಾಳ, ನಡುವೆ ಇರುವುದು ನಾಲ್ಕೈದು ದಿನ ಹಳೆಯದು. ಒಂದೇ ರೆಟಿನಾದಲ್ಲಿ ಅಂಚಿನಿಂದ ನಡುವಿಗೆ ಕಣ್ಣು ಹಾಯಿಸಿದರೆ ಮೊದಲು ಏನಾಯಿತು, ಆಮೇಲೆ ಏನಾಯಿತು ಅಂತ ಸಾಲಾಗಿ ಕಾಣುತ್ತದೆ.

ಕಣ್ಣಿನಿಂದ ರೆಟಿನಾ ಬಿಡಿಸುವ ಕೆಲಸಕ್ಕೆ ಬರೋಣ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದ್ದ ಮರಿಗಳಷ್ಟೇ, ಅದು ಮೊದಲ ಮಾತು. ಕಣ್ಣನ್ನು, ಅಂಗಾಂಶ ಕೆಡದಂತೆ ಹಿಡಿದಿಡುವ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಐಸ್ ಮೇಲೆ ಸುಮಾರು ಎರಡು ಗಂಟೆ ಇಡುತ್ತೇನೆ. ಜಾಸ್ತಿ ಬಿಟ್ಟರೆ ರೆಟಿನಾ ಬಿರುಸಾಗುತ್ತದೆ, ಕಡಿಮೆಯಾದರೆ ಚಿಮಟ ತಗುಲಿದಲ್ಲೇ ಹರಿಯುತ್ತದೆ. ಕಾರ್ನಿಯಾದ ಅಂಚಿನಲ್ಲಿ ಸೂಜಿಯಿಂದ ಒಂದು ತೂತು, ಅಲ್ಲಿಂದ ಸುತ್ತ ಕತ್ತರಿಸಿ ಕಾರ್ನಿಯಾ, ಐರಿಸ್, ಲೆನ್ಸ್ ತೆಗೆಯುವುದು. ಆಮೇಲೆ ಹೊರಗಿನ ಬಿಳಿ ಪೊರೆಯನ್ನೂ ಕಪ್ಪು ಪದರವನ್ನೂ ಎರಡು ಚಿಮಟಗಳಿಂದ ಮೆಲ್ಲಗೆ ಸುಲಿಯುವುದು. ಉಳಿಯುವುದು ತೆಳ್ಳನೆಯ, ಅರೆಪಾರದರ್ಶಕ ಬಟ್ಟಲು.

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಬಟ್ಟಲಿನ ಒಳಗಡೆ ಹಯಲಾಯ್ಡ್ ನಾಳಗಳು ಇರುತ್ತವೆ. ಹುಟ್ಟುವ ಮುಂಚೆ ಲೆನ್ಸ್‌ಗೆ ರಕ್ತ ಕೊಡುತ್ತಿದ್ದವು ಇವು, ಈಗ ಒಣಗಿ ಹೋಗುತ್ತಿರುವ ತಾತ್ಕಾಲಿಕ ನಾಳಗಳು. ಬಿಟ್ಟರೆ ಅವೂ ಬಣ್ಣ ಹಿಡಿದು, ರೆಟಿನಾದ ಜಾಲದ ಮೇಲೆ ಅಡ್ಡಡ್ಡ ಹೊಳೆದು ಚಿತ್ರವನ್ನೇ ಕೆಡಿಸುತ್ತವೆ. ದೃಷ್ಟಿನರದ ಹತ್ತಿರ ಬುಡ ಹಿಡಿದು ಎತ್ತಿದರೆ ಹೆಚ್ಚಿನದು ಒಟ್ಟಿಗೇ ಬರುತ್ತದೆ. ಆಮೇಲೆ ನಾಲ್ಕು ಕಡೆ ಸೀಳಿ ಹೂವಿನ ಎಸಳಿನ ಹಾಗೆ ಬಿಡಿಸಿ, ಸಣ್ಣ ಬ್ರಷ್‌ನಿಂದ ಮಡಿಕೆ ತೆಗೆಯುವುದು. ಸ್ಲೈಡ್ ಮೇಲೆ ಒಳಮುಖ ಮೇಲೆ ಬರಬೇಕು, ಈ ವಯಸ್ಸಿನ ಜಾಲ ಇರುವುದು ಅಲ್ಲೇ.

ಬಣ್ಣಕ್ಕೆ ಐಸೊಲೆಕ್ಟಿನ್ ಬಿ4, ಅಂದರೆ ನಾಳದ ಕೋಶಗಳಿಗೆ ಅಂಟಿಕೊಳ್ಳುವ ಪ್ರೋಟೀನ್, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಇದು ಅಂಟಿಕೊಳ್ಳೋಕೆ ಕ್ಯಾಲ್ಸಿಯಂ ಬೇಕು, ಬಫರ್‌ಗೆ ಅದನ್ನು ಹಾಕಲೇಬೇಕು. ನಾಳದ ಜೊತೆ ಮೈಕ್ರೋಗ್ಲಿಯಾ ಅನ್ನುವ ರಕ್ಷಣಾ ಕೋಶಗಳೂ ಇದರಲ್ಲಿ ಹೊಳೆಯುತ್ತವೆ, ಅವನ್ನು ನಾಳದ ತುದಿ ಅಂತ ಎಣಿಸಬಾರದು.

ಈಗ ಅಂಚಿಗೆ ಹೋಗಿ ಸುಮ್ನೆ ನೋಡಿ. ನಾಳದ ಮುಂತುದಿಯಲ್ಲಿರುವ ಒಂದೊಂದು ಟಿಪ್ ಸೆಲ್‌ನಿಂದಲೂ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು, ಫಿಲೋಪೋಡಿಯಾ, ಖಾಲಿ ಜಾಗದ ಕಡೆ ಚಾಚಿಕೊಂಡಿರುತ್ತವೆ. ನಿಜವಾಗಿ ಆ ಜಾಗ ಖಾಲಿಯಲ್ಲ. ಆಸ್ಟ್ರೋಸೈಟ್ ಅನ್ನುವ, ನರಕೋಶಗಳಿಗೆ ಆಸರೆಯಾದ ಕೋಶಗಳು ಮೊದಲೇ ಅಲ್ಲಿಗೆ ಹೋಗಿ ಜಾಲ ಹಾಸಿರುತ್ತವೆ. ಆಮ್ಲಜನಕ ಸಾಲದಾದಾಗ ಅವು ವಿಇಜಿಎಫ್ ಅನ್ನುವ ಪ್ರೋಟೀನ್ ಬಿಡುತ್ತವೆ, ಅದು ಜಾಸ್ತಿ ಇರುವ ಕಡೆ ಟಿಪ್ ಸೆಲ್ ಸಾಗುತ್ತದೆ. 2003ರಲ್ಲಿ ಹೋಲ್ಗರ್ ಗೆರ್‌ಹಾರ್ಡ್ಟ್, ಕ್ರಿಸ್ಟರ್ ಬೆಟ್ಸ್‌ಹೋಲ್ಟ್ಜ್ ಮತ್ತು ಜೊತೆಗಾರರು ಇಲಿಯ ರೆಟಿನಾದಲ್ಲೇ ಇದನ್ನು ತೋರಿಸಿದರು: ತುದಿಯ ಕೋಶ ದಾರಿ ಹಿಡಿಯುತ್ತದೆ, ಹಿಂದಿನ ಕೋಶಗಳು ಸಂಖ್ಯೆ ಹೆಚ್ಚಿಸಿಕೊಂಡು ನಾಳವನ್ನು ಉದ್ದ ಮಾಡುತ್ತವೆ. ಎಲ್ಲವೂ ತುದಿಯಾಗೋಕೆ ಹೊರಟರೆ ಜಾಲ ಕೆಡುತ್ತದೆ. ಅದಕ್ಕೇ ಟಿಪ್ ಸೆಲ್ ತನ್ನ ಮೇಲಿನ ಡಿಎಲ್ಎಲ್4 ಪ್ರೋಟೀನಿನಿಂದ ಪಕ್ಕದ ಕೋಶದ ನಾಚ್ ಅನ್ನುವ, ಸಂದೇಶ ಹಿಡಿಯುವ ಪ್ರೋಟೀನನ್ನು ಎಚ್ಚರಿಸಿ, ನೀನು ಹಿಂದೆಯೇ ಇರು ಅಂತ ತಡೆಯುತ್ತದೆ. ಈ ತಡೆಯನ್ನು ತೆಗೆದ ರೆಟಿನಾದಲ್ಲಿ ಅಂಚು ಪೂರ್ತಿ ಎಳೆಗಳಿಂದ ಗಿಜಿಗುಡುತ್ತದೆ, ಹಿಂದಿನ ಜಾಲ ದಟ್ಟವಾಗಿ ಮುದ್ದೆಯಾಗುತ್ತದೆ.

ಆದರೆ ನನ್ನ ಮನಸ್ಸು ಹಿಡಿದಿರುವುದು ಅಂಚಲ್ಲ, ಅದರ ಹಿಂದಿನ ಜಾಗ. ಐಸೊಲೆಕ್ಟಿನ್ ಜೊತೆ ಕೊಲಾಜೆನ್ 4ಕ್ಕೂ ಬೇರೆ ಬಣ್ಣ ಹಾಕಿ. ಕೊಲಾಜೆನ್ 4 ನಾಳದ ಸುತ್ತಲಿನ ತೆಳು ಕವಚ. ಕೆಲವು ಕಡೆ ಕವಚ ಮಾತ್ರ ಕಾಣುತ್ತದೆ, ಒಳಗೆ ಕೋಶವೇ ಇಲ್ಲ. ಎರಡು ನಾಳಗಳ ನಡುವೆ ಸಪೂರವಾದ ಖಾಲಿ ಕೊಳವೆ. ಅಲ್ಲಿ ಒಂದು ನಾಳ ಇತ್ತು, ಬೇಡವಾಗಿ ಹೋಯಿತು, ಹೋದ ಗುರುತು ಉಳಿದಿದೆ. ಇವು ಅಪಧಮನಿಯ ಅಕ್ಕಪಕ್ಕ ಜಾಸ್ತಿ, ಯಾಕೆಂದರೆ ಅಲ್ಲಿ ಆಮ್ಲಜನಕ ಹೆಚ್ಚು, ವಿಇಜಿಎಫ್ ಕಡಿಮೆ. ಅದಕ್ಕೇ ಅಪಧಮನಿಯ ಎರಡೂ ಬದಿ ಬೋಳಾಗಿ ಕಾಣುತ್ತದೆ. ಜಾಲ ಮೊದಲು ಬೇಕಿರುವುದಕ್ಕಿಂತ ಜಾಸ್ತಿ ಬೆಳೆದು ಆಮೇಲೆ ಕಡಿಮೆಯಾಗುತ್ತದೆ. ನಾಳದ ಉದ್ದ, ಕವಲುಗಳ ಎಣಿಕೆ ಕೊಟ್ಟು ಖಾಲಿ ಕವಚ ಎಣಿಸದೆ ಬಿಟ್ಟ ಲೆಕ್ಕ ನನಗೆ ಅರ್ಧ ಲೆಕ್ಕ. ಕವಲು ಕಡಿಮೆ ಇರುವುದು ಬೆಳೆಯದೆ ಇದ್ದದ್ದಕ್ಕೋ, ಬೆಳೆದು ಆಮೇಲೆ ಅಳಿದದ್ದಕ್ಕೋ ಅಂತ ಅದರಲ್ಲಿ ಗೊತ್ತಾಗುವುದಿಲ್ಲ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಬರುವ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ) ಕಾಯಿಲೆಯ ಎಳೆಯೂ ಇಲ್ಲೇ ಇದೆ. ಜಾಲ ಅಂಚು ಮುಟ್ಟಿರದ ಮಗುವಿಗೆ ಆಮ್ಲಜನಕ ಹೆಚ್ಚಾದರೆ ನಾಳದ ಬೆಳವಣಿಗೆ ನಿಲ್ಲುತ್ತದೆ, ಬಂದಿದ್ದ ನಾಳಗಳೂ ಮುಚ್ಚುತ್ತವೆ. ವಾರಗಳ ನಂತರ ಹಸಿದ ರೆಟಿನಾ ವಿಪರೀತ ವಿಇಜಿಎಫ್ ಬಿಟ್ಟಾಗ ನಾಳಗಳು ದಿಕ್ಕು ತಪ್ಪಿ ಕಣ್ಣಿನೊಳಗಿನ ಜೆಲ್ ಕಡೆ ನುಗ್ಗಿ ರೆಟಿನಾವನ್ನೇ ಎಳೆಯಬಹುದು. ಕರ್ನಾಟಕದಲ್ಲಿ 2008ರಲ್ಲಿ ಶುರುವಾದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ನವಜಾತ ಘಟಕಗಳಿಗೆ ಹೋಗಿ ಮಕ್ಕಳ ರೆಟಿನಾದ ಫೋಟೋ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡುತ್ತಾರೆ. ನಿಮ್ಮ ಮನೆಯಲ್ಲಿ 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕಿಂತ ಮುಂಚೆ ಹುಟ್ಟಿದ ಮಗು ಇದ್ದರೆ ಹುಟ್ಟಿದ 30 ದಿನದೊಳಗೆ ಕಣ್ಣಿನ ತಪಾಸಣೆ ಆಗಲೇಬೇಕು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಕಾಣುತ್ತದೆ, ಅದನ್ನು ನಂಬಿ ಕೂರಬೇಡಿ.

ಅಳತೆ ತೆಗೆಯುವವರಿಗೆ ಇನ್ನೊಂದು ಮಾತು. ಜೀನ್ ಬದಲಿಸಿದ ಮರಿಯನ್ನು ಸಾಮಾನ್ಯ ಮರಿಯ ಜೊತೆ ಹೋಲಿಸುವಾಗ ಒಂದೇ ಸೂಲಿನ ಮರಿಗಳನ್ನೇ ಹೋಲಿಸಿ, ಪ್ರತಿ ಮರಿಯ ತೂಕ ಬರೆದಿಡಿ. ಸೂಲು ದೊಡ್ಡದಾದರೆ ಮರಿಗಳು ಸಣ್ಣಗಿರುತ್ತವೆ, ಸಣ್ಣ ಮರಿಯಲ್ಲಿ ಜಾಲವೂ ಹಿಂದೆ ಬೀಳುತ್ತದೆ. ಅದು ಜೀನಿನ ಪರಿಣಾಮ ಅಲ್ಲ, ಹಾಲು ಸಾಲದೆ ಆದದ್ದು.